ವಸಿಷ್ಠರ ಪಕ್ಕದಲ್ಲಿ ಇನ್ನೊಬ್ಬರು

ತಾಳಿ ಕಟ್ಟಿದ ಮೇಲೆ ಇನ್ನೊಂದು ಗಳಿಗೆ ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಪ್ರದೀಪನಿಗೆ ಯಾವ ತಾಪತ್ರಯವೂ ಇರುತ್ತಿರಲಿಲ್ಲ. ಆದರೆ ಅದು ಜೋಡಿ ನಕ್ಷತ್ರಗಳ ಮೇಲೆ ವರ್ಷಗಟ್ಟಲೆ ಸಂಶೋಧನೆ ಮಾಡಿದವನ ಬಾಯಿ.

ಅವತ್ತು ಸೋಮವಾರ, ಆಷಾಢಕ್ಕೆ ಮುಂಚಿನ ಕೊನೆಯ ಮುಹೂರ್ತ. ಮಂಗಳವಾರ ಮನೆಮಗಳನ್ನು ಕಳಿಸುವಂತಿಲ್ಲ, ಬುಧವಾರ ಅಮಾವಾಸ್ಯೆ, ಆಮೇಲೆ ಆಷಾಢ. ಸಂಜೆ ದೀಪ ಹಚ್ಚುವುದರೊಳಗೆ ಮೊಳಕಾಲ್ಮುರಿನಿಂದ ಹೆಂಡತಿಯನ್ನು ಚಳ್ಳಕೆರೆಗೆ ಕರೆದೊಯ್ಯದಿದ್ದರೆ ಇಡೀ ತಿಂಗಳು ಅವಳ ಮುಖ ಕಾಣುವಂತಿಲ್ಲ.

ಛತ್ರದ ಅಂಗಳದಲ್ಲಿ ಪುರೋಹಿತರು ಉರಿಬಿಸಿಲಿನ ಆಕಾಶಕ್ಕೆ ಬೆರಳು ಮಾಡಿ, "ಅಗೋ ವಸಿಷ್ಠರು, ಪಕ್ಕದಲ್ಲಿ ಅರುಂಧತಿ. ಕಾಣ್ತಾ?" ಎಂದರು. ಬೆರಳಿನ ನೇರಕ್ಕೆ ಹಾರುತ್ತಿದ್ದದ್ದು ಒಂದು ಹದ್ದು. "ಕಾಣ್ತು" ಎಂದು ಮದುಮಗಳು ಗೀತಮ್ಮ ತಲೆಯಾಡಿಸಿದಳು.

ಹೊಸ ಹೆಂಡತಿಯನ್ನು ಮೆಚ್ಚಿಸುವ ಉಮೇದು ಪ್ರದೀಪನಿಗೆ. "ವಸಿಷ್ಠರ ಪಕ್ಕ ಇನ್ನೊಬ್ರು ಅದಾರೆ" ಎಂದು ಪಿಸುಗುಟ್ಟಿದ. "ಅರುಂಧತಿಗಿಂತ್ಲೂ ಹತ್ರ. ಆದ್ರೆ ಕಣ್ಣಿಗೆ ಕಾಣಲ್ಲ."

ಹಿಂದೆಯೇ ಗೀತಮ್ಮನ ಅಜ್ಜಿ ಯರ್ರಮ್ಮ ನಿಂತಿದ್ದಳು. ಕೂಗಿ ಕರೆದರೆ ಅವಳಿಗೆ ಕಿವಿ ಕೇಳದು, ಪಿಸುಮಾತು ಮಾತ್ರ ಒಂದೂ ತಪ್ಪದು.

"ಏನಂದೆ? ವಸಿಷ್ಠರಿಗೆ ಎಲ್ಡನೇದು ಐತಾ?"

"ಕಣ್ಣಿಗೆ ಕಾಣದಿದ್ರೆ ನಿಮ್ಗೆಂಗೆ ಗೊತ್ತಾತು ಅಳಿಯಂದ್ರೆ?" ಎಂದ ಗೀತಮ್ಮನ ಸೋದರಮಾವ ತೋಟಪ್ಪ.

ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಮನೆಮಂದಿ ಯಾರೂ ಕೇಳಿರಲಿಲ್ಲ. ಪ್ರದೀಪನ ಹೃದಯ ತುಂಬಿ ಬಂತು.

"ನಕ್ಷತ್ರದ ಬೆಳಕನ್ನ ಬಣ್ಣ ಬಣ್ಣವಾಗಿ ಬಿಡಿಸಿ ನೋಡ್ತೀವಿ ಮಾವ. ಅದ್ರಾಗೆ ಕಪ್ಪು ಗೆರೆಗಳಿರ್ತಾವೆ. ನಕ್ಷತ್ರ ನಮ್ಮ ಕಡೆ ಬಂದ್ರೆ ಗೆರೆಗಳು ನೀಲಿ ಕಡೆ ಸರೀತಾವೆ, ದೂರ ಹೋದ್ರೆ ಕೆಂಪು ಕಡೆ. ವಸಿಷ್ಠ ಬರ್ತಾನೆ, ಹೋಗ್ತಾನೆ, ಮತ್ತೆ ಬರ್ತಾನೆ. ಸುಮ್‌ಸುಮ್ನೆ ಯಾರೂ ಹಂಗೆ ಓಡಾಡಲ್ಲ. ಕಾಣದವ್ರು ಯಾರೋ ಎಳೀತಿರ್ತಾರೆ. ಎಷ್ಟು ವೇಗದಾಗೆ ಹೋಗಿ ಬರ್ತಾನೆ ಅಂತ ಅಳೆದ್ರೆ, ಇಬ್ರೂ ಸುತ್ತೋ ದಾರೀನೇ ಸಿಗ್ತೈತೆ."

ಯರ್ರಮ್ಮ ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿದಳು. "ಬೆಳಗಿಂದ ಈ ಹುಡುಗನೂ ಹಂಗೇ ಅಲ್ವೇನ್ರೇ? ಬಾಸಿಂಗ ಕಟ್ಕಂಡು ಗೇಟಿನಾಚೆ ಹೋಗ್ತಾನೆ, ಬರ್ತಾನೆ, ಮತ್ತೆ ಹೋಗ್ತಾನೆ. ಇವನ್ನ ಯಾರು ಎಳೀತಾ ಅವ್ಳೆ?"

ವಾಲಗದವರೂ ಊದುವುದನ್ನು ನಿಲ್ಲಿಸಿದರು.

ಮದುಮಗಳನ್ನು ಕರೆದೊಯ್ಯಬೇಕಾದ ಟೆಂಪೊ ಬೆಳಿಗ್ಗೆಯೇ ಕೆಟ್ಟು, ಮೂಲೆಯ ಇಫ್ತಿಕಾರನ ಗ್ಯಾರೇಜು ಸೇರಿತ್ತು. ಅಪಶಕುನ ಅಂದಾರೆಂದು ಪ್ರದೀಪ ಬಾಯಿ ಬಿಟ್ಟಿರಲಿಲ್ಲ. ಈಗ ಬಿಟ್ಟ.

"ಮದುಮಗನಿಗೆ ಗ್ಯಾರೇಜಿನಾಗೇನು ಕೆಲ್ಸ? ಸಾಕ್ಷಿ ಬೇಕು" ಎಂದಳು ತೋಟಪ್ಪನ ಹೆಂಡತಿ ಕೆಂಚಕ್ಕ. "ಇತ್ಯರ್ಥ ಆಗೋತಂಕ ಹುಡುಗೀನ ಕಳ್ಸಲ್ಲ" ಎಂದಳು ಯರ್ರಮ್ಮ.

ಪಂಚಾಯ್ತಿ ನಡೆಸಬೇಕಾದ ತೋಟಪ್ಪ ಉಂಡು, ಒಂದು ನಿದ್ದೆ ತೆಗೆದೇ ಎದ್ದದ್ದು. ಆಮೇಲೆ ಇಫ್ತಿಕಾರನನ್ನು ಕರೆಸಿದರು. ಅವನು ಮಸಿ ಕೈಯಲ್ಲೇ ಓಡಿ ಬಂದ.

"ಹೌದ್ರೀ, ದೂಲ್ಹಾ ಸಾಬ್ರು ಗಾಡಿ ಆತಾ, ಆತಾ ಅಂತ ಬಂದು ಬಂದು ನನ್ನ ತಲೆ ತಿಂದಾರೆ."

"ದೇವರಾಣೆಗೂ?"

"ಅಲ್ಲಾನ ಆಣೆಗೂ."

ಇಷ್ಟಕ್ಕೆ ಬಿಟ್ಟಾರೆಯೇ? ಹೆಂಗಸರು ವಸಿಷ್ಠರ ಕಥೆಯನ್ನೂ ಅವನಿಗೆ ಒಪ್ಪಿಸಿ, ಒಬ್ಬೊಬ್ಬರಾಗಿ ಪಾಟೀ ಸವಾಲು ಹಾಕಿದರು. ಮದುವೆ ಮನೆಗೆ ಬಂದವನು ಉಣ್ಣದೆ ಹೋಗಬಾರದೆಂದು ಎಲೆ ಹಾಕಿ, ಬೇಡವೆಂದರೂ ಹೋಳಿಗೆ ಬಡಿಸಿದರು. ಪ್ರದೀಪ ಸೂರ್ಯನನ್ನು ನೋಡುತ್ತ ನಿಂತಿದ್ದ. ಅಷ್ಟು ಕಳವಳದಿಂದ ಅವನು ಯಾವ ನಕ್ಷತ್ರವನ್ನೂ ನೋಡಿರಲಿಲ್ಲ.

ಕೊನೆಗೆ ಯರ್ರಮ್ಮ ಅವನ ಗಲ್ಲ ಹಿಡಿದಳು. "ಬಂಗಾರದಂಥ ಹುಡುಗ. ನಾನೇ ತಪ್ಪು ತಿಳ್ಕಂಡೆ."

"ಹಂಗಾದ್ರೆ ಹೊರಡಾನಾ ಅಜ್ಜಿ?"

ಇಫ್ತಿಕಾರ ತಲೆ ಕೆರೆದುಕೊಂಡ. "ಎಲ್ಲಿಗೆ ಸಾರ್? ಇಂಜಿನ್ ಬಿಚ್ಚಿ ನೆಲಕ್ಕಾಕೀನಿ. ಜೋಡ್ಸಾ ಹೊತ್ತಿಗೇ ಸಾಕ್ಷಿಗೆ ಕರೆಸಿದ್ರಲ್ಲ!"

ಅಷ್ಟರಲ್ಲಿ ಒಳಗೆ ಕೆಂಚಕ್ಕ ದೀಪ ಹಚ್ಚಿದಳು. "ದೀಪ ಹಚ್ಚಿದ ಮ್ಯಾಲೆ ಮನೆ ಲಕ್ಷ್ಮೀನ ಕಳ್ಸಲ್ಲಪ್ಪ" ಎಂದಳು ಯರ್ರಮ್ಮ, ಬಹಳ ಪ್ರೀತಿಯಿಂದ. ಗೀತಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಗುವೋ ಅಳುವೋ ಪ್ರದೀಪನಿಗೆ ತಿಳಿಯಲಿಲ್ಲ.

ಆಷಾಢದಲ್ಲಿ ಅಳಿಯ ಅತ್ತೆ ಮನೆಯ ಹೊಸ್ತಿಲು ತುಳಿಯುವಂತಿಲ್ಲ. ಆದರೂ ಪ್ರತಿ ಭಾನುವಾರ ಚಳ್ಳಕೆರೆ ಬಸ್ಸಿನಿಂದ ಪ್ರದೀಪ ಮೊಳಕಾಲ್ಮುರಿನಲ್ಲಿ ಇಳಿಯುತ್ತಿದ್ದ. ಗೀತಮ್ಮನ ಓಣಿಯ ಕಡೆ ನೋಡುತ್ತ ಒಂದು ಟೀ ಕುಡಿದು, ಮುಂದಿನ ಬಸ್ಸಿಗೆ ವಾಪಸ್ಸಾಗುತ್ತಿದ್ದ.

"ಯಾರಲೇ ಇವ್ರು? ಬರ್ತಾರೆ, ಹೋಗ್ತಾರೆ, ಮತ್ತೆ ಬರ್ತಾರೆ" ಎಂದು ಟೀ ಅಂಗಡಿಯವನು ಇಫ್ತಿಕಾರನನ್ನು ಕೇಳಿದ.

"ಕಾಣದವ್ರು ಒಬ್ರು ಎಳೀತಾ ಅದಾರೆ ಬಿಡು" ಎಂದ ಇಫ್ತಿಕಾರ.