ತಪ್ಪಾಯ್ತು ಅಂದ ಟೆಲಿಫೋನು

ಎದುರಿಗೆ ನಿಂತು "ನನ್ನದು ತಪ್ಪಾಯ್ತು" ಎನ್ನುವುದು ನಮ್ಮ ಮನೆತನದ ಗಂಡಸರಿಗೆ ಒಗ್ಗದ ಕೆಲಸ. ನಮ್ಮಪ್ಪ ತಪ್ಪು ಮಾಡಿದ ದಿನ ಸಂತೆಯಿಂದ ಬದನೆಕಾಯಿ ತರುತ್ತಿದ್ದ. ಅವ್ವ ಅದನ್ನೇ ಕ್ಷಮಾಪಣೆಯೆಂದು ತಿಳಿದು ಪಲ್ಯ ಮಾಡುತ್ತಿದ್ದಳು. ನನಗೆ ಬದನೆಕಾಯಿ ಆರಿಸುವುದೂ ಬಾರದು. ಹೀಗಾಗಿ, ನಿಜಾಮನ ಮೇಲಿನ ಪೊಲೀಸ್ ಆಕ್ಷನ್ ಮುಗಿದು ಮೂರ್ನಾಲ್ಕು ವರ್ಷಕ್ಕೆ, ಶಹಾಬಾದದಲ್ಲಿ ನಾನು ಗುಮಾಸ್ತನಾಗಿದ್ದ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಅಂಗಡಿಗೆ ಟೆಲಿಫೋನು ಬಂದಾಗ, ಇದು ನನಗಾಗಿಯೇ ಹುಟ್ಟಿದ ಯಂತ್ರ ಅನ್ನಿಸಿತು. ಮುಖ ತೋರಿಸದೆ ಮಾತಾಡಬಹುದಲ್ಲ!

ಮುಖ ತೋರಿಸಲಾಗದ್ದು ವಾಡಿಯಲ್ಲಿದ್ದ ನನ್ನ ಅಕ್ಕನಿಗೆ. ಎಂಟು ತಿಂಗಳ ಹಿಂದೆ ಅವಳ ಮನೆಯಲ್ಲಿ ಊಟಕ್ಕೆ ಕೂತಾಗ, ನಾನು ಹತ್ತು ವರ್ಷದವನಾಗುವ ತನಕ ಹಾಸಿಗೆ ತೋಯಿಸುತ್ತಿದ್ದೆನೆಂದು ಬೀಗರ ಮುಂದೆ ಹೇಳಿ ನಕ್ಕಿದ್ದಳು. ನಾನು ಅರ್ಧ ಊಟಕ್ಕೆ ಎದ್ದು ಸ್ಟೇಷನ್ನಿಗೆ ನಡೆದುಬಿಟ್ಟಿದ್ದೆ. ರೈಲಿನಲ್ಲಿ ವಾಡಿ ಅರ್ಧ ತಾಸಿನ ದಾರಿ. ಆದರೂ ಮತ್ತೆ ಹೋಗಲಿಲ್ಲ. ಅಕ್ಕನ ಗಂಡ ಕೆಲಸ ಮಾಡುವ ಕಚೇರಿಯಲ್ಲೂ ಫೋನಿತ್ತು. ಸೋಮವಾರ ಮಧ್ಯಾಹ್ನ ಅಕ್ಕನನ್ನು ಅಲ್ಲಿ ಕೂರಿಸಿರೆಂದು ಅವರಿಗೆ ಕಾಗದ ಬರೆದೆ.

ಸೋಮವಾರ ಒಂದು ತಾಸು ಕಾದ ಮೇಲೆ ಲೈನು ಸಿಕ್ಕಿತು. ಶೇಂಗಾ ಹುರಿದಂಥ ಸದ್ದಿನ ನಡುವೆ ಒಂದು ಹೆಣ್ಣುದನಿ.

"ಅಕ್ಕಾ, ನಾನು! ತಪ್ಪಾಯ್ತು! ಹಂಗ ಉಣ್ಣೂದು ಬಿಟ್ಟು ಎದ್ದು ಬರಬಾರದಿತ್ತು!" ಎಂದು ಕೂಗಿದೆ.

ಆ ಕಡೆ ಬಿಕ್ಕುವ ಸದ್ದು. "ಮನಿಗಿ ಬಾರಪ್ಪಾ. ನಿಮ್ಮಪ್ಪ ಏನೂ ಅನ್ನಂಗಿಲ್ಲ."

ನಮ್ಮಪ್ಪ ತೀರಿ ಆರು ವರ್ಷ. ಗದ್ದಲದಲ್ಲಿ ನಾನೇ ತಪ್ಪು ಕೇಳಿರಬೇಕೆಂದುಕೊಂಡು, "ಐತಾರ ಬರ್ತೀನಿ!" ಎಂದೆ. ಲೈನು ಕಡಿದುಹೋಯಿತು. ಕೆಲಸ ಬಿಟ್ಟು ಕೇಳುತ್ತಿದ್ದ ಗುಮಾಸ್ತರಿಗೆಲ್ಲ ಚಹಾ ಕುಡಿಸಿದೆ.

ಭಾನುವಾರ ವಾಡಿಗೆ ಹೋದರೆ ಅಕ್ಕ ಬಾಗಿಲಲ್ಲೇ ತಡೆದಳು. "ಸೋಮಾರ ಆ ಡಬ್ಬಿ ಮುಂದ ಮೂರು ತಾಸು ಕುಂತಿದ್ದೆ. ಒಂದ್ಸಲಾನೂ ಗಂಟಿ ಹೊಡೀಲಿಲ್ಲ. ಈಗ್ಯಾಕ ಬಂದಿ?"

ಚೇಷ್ಟೆ ಇರಬೇಕೆಂದು ನಕ್ಕೆ. ಅವಳು ನಗಲಿಲ್ಲ. ಫೋನಿನಲ್ಲಿ ಕೇಳಿದ್ದನ್ನೆಲ್ಲ ಹೇಳಿದೆ. ಅವಳ ಸಿಟ್ಟು ಮುಖದಿಂದ ಇಳಿದುಹೋಯಿತು.

"ಯಾರದೋ ತಾಯಿ ಆಕಿ. ನೀ ಅಕ್ಕಾ ಅಂದಿದ್ದು ಆಕಿಗಿ ಅವ್ವಾ ಅಂತ ಕೇಳಿಸ್ಯಾದ. ಇವತ್ತ ಐತಾರ, ದಾರಿ ನೋಡ್ಲಿಕತ್ತಿರ್ತಾಳ. ಹುಡುಕು ಹೋಗು."

ಅಕ್ಕನ ಗಂಡ ಲೈನು ಜೋಡಿಸುವ ಫೋನಿನವರನ್ನು ವಿಚಾರಿಸಿದರು. ಅಂದು ನನ್ನ ಲೈನು ಹೋಗಿದ್ದು ಚಿತ್ತಾಪುರದ ಒಂದು ಕಾಳಿನ ಅಂಗಡಿಗೆ. ಮುಂದಿನ ರೈಲು ಹತ್ತಿದೆ.

ಮುಂದೆ ಅಂಗಡಿ, ಹಿಂದೆ ಮನೆ. ಹೊಸ್ತಿಲ ಮೇಲೆ ಕೂತಿದ್ದ ಮುದುಕಿ ಇಳಕಲ್ ಸೀರೆ ಉಟ್ಟಿದ್ದಳು. ನನ್ನನ್ನು ನೋಡದೆ ನನ್ನ ಹಿಂದಿನ ದಾರಿ ನೋಡಿದಳು.

"ಸೋಮಾರ ಫೋನಿನ್ಯಾಗ ಮಾತಾಡಿದಾಂವ ನಾನ್ರಿ, ಅವ್ವಾರ. ಲೈನು ತಪ್ಪಿತ್ತು. ನನ್ನಿಂದ ತಪ್ಪಾಯ್ತು."

ಅವಳು ಸೆರಗಿನ ಅಂಚು ತಿಕ್ಕಿದಳು. "ಆವಾಜ್ ಬ್ಯಾರೆ ಅನಿಸಿತ್ತು. ಅಪ್ಪನ ಕೂಡ ಜಗಳಾಡಿ ಹೋಗಿ ಎರಡು ವರ್ಷ ಆಯ್ತಲ್ಲ, ಆವಾಜೂ ಬದಲಾಗಿರಬೇಕು ಅಂದ್ಕೊಂಡೆ."

ನಾನು ಹೊರಡಲು ತಿರುಗಿದೆ. "ಅಡಗಿ ಆಗ್ಯಾದ. ಕುಂದ್ರಿ," ಎಂದಳು.

ಹೋಳಿಗೆ, ತುಪ್ಪ, ಎಣ್ಣೆಗಾಯಿ. ಎರಡನೆಯ ಹೋಳಿಗೆ ಬಡಿಸುವಾಗ ಅಂಗಡಿಯಲ್ಲಿ ಫೋನಿನ ಗಂಟೆ ಹೊಡೆಯಿತು. ಅವಳು ತಟ್ಟೆಯನ್ನು ನೆಲಕ್ಕಿಟ್ಟು, ಗೋಡೆ ಹಿಡಿದುಕೊಂಡು ಓಡಿದಳು. ನನ್ನ ತುತ್ತು ಕೈಯಲ್ಲೇ ನಿಂತಿತು.

ತಿರುಗಿ ಬಂದು, "ಸೇಡಮಿನವರು. ಜೋಳದ ಧಾರಣಿ ಕೇಳ್ಲಿಕತ್ತಿದ್ರು," ಎಂದು ತುಪ್ಪ ಹಾಕಿದಳು. ನಾನು ಸಾಕು ಎನ್ನದೆ ಪೂರ್ತಿ ಉಂಡೆ.

ಸಂಜೆ ವಾಡಿಯಲ್ಲಿಳಿದು ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಅತ್ತಳು, ಚಹಾ ಕೊಟ್ಟಳು, ಸ್ಟೇಷನ್ನಿನ ತನಕ ಬಂದಳು. ರೈಲು ಹೊರಟ ಮೇಲೆ ಹೊಳೆಯಿತು: ಯಾವ ಮಾತಿಗಾಗಿ ಎರಡು ಊರು ಅಲೆದು, ಗುರುತಿಲ್ಲದ ತಾಯಿಗೂ ಹೇಳಿ ಬಂದಿದ್ದೆನೋ, ಅದನ್ನು ಅಕ್ಕನಿಗೆ ಮಾತ್ರ ಹೇಳಿರಲೇ ಇಲ್ಲ.