ನಡೆಯಲಾರದವನ ಪಾದಯಾತ್ರೆ

ಹರಕೆ ಹೊತ್ತವರೇ ಅದನ್ನು ತೀರಿಸಬೇಕೆಂದು ದೇವರು ಕಡ್ಡಾಯ ಮಾಡಿಲ್ಲ ಎಂಬುದು ನನಗೆ ಗೊತ್ತಾದದ್ದು ಮದುವೆಯಾದ ಮೇಲೆ. ನನ್ನ ಹೆಂಡತಿ ಸುಮಿತ್ರಾ ಹರಕೆ ಹೊರುವುದರಲ್ಲಿ ಬಹಳ ಧಾರಾಳಿ. ನಮ್ಮಮ್ಮನ ಕಣ್ಣಿನ ಆಪರೇಶನ್ ಸುಸೂತ್ರವಾದರೆ ನಮ್ಮಮ್ಮ ಒಂದು ತಿಂಗಳು ಚಹಾ ಬಿಡುತ್ತಾರೆ ಎಂದು ಹೊತ್ತಳು. ಮಗಳು ಗಣಿತದಲ್ಲಿ ಪಾಸಾದರೆ ಮಗಳು ಒಂಬತ್ತು ಸೋಮವಾರ ಉಪವಾಸ ಮಾಡುತ್ತಾಳೆ ಎಂದು ಹೊತ್ತಳು. ಎಲ್ಲವೂ ಸಕಾಲಕ್ಕೆ ತೀರಿದವು. ಅವಳ ಪಾಲಿಗೆ ಬರುತ್ತಿದ್ದದ್ದು ಮೇಲ್ವಿಚಾರಣೆ ಮಾತ್ರ. ಇಂಥವಳು ನನ್ನ ವರ್ಗಾವಣೆಗಾಗಿ ಗೋಕರ್ಣದ ದೇವರ ಮುಂದೆ ನಿಂತು, ಇವರಿಗೆ ಕದ್ರಾದಿಂದ ಕಾರವಾರಕ್ಕೆ ವರ್ಗವಾದರೆ ನಮ್ಮ ಮನೆಬಾಗಿಲಿನಿಂದ ನಿನ್ನ ಬಾಗಿಲವರೆಗೆ ಇವರನ್ನು ನಡೆಸಿಕೊಂಡು ಬರುತ್ತೇನೆ ಎಂದು ಹೇಳಿಕೊಂಡಾಗ ನಾನು ಪಕ್ಕದಲ್ಲೇ ಕೈಮುಗಿದು ನಿಂತಿದ್ದೆ. ಅವಳ ತುಟಿ ಅಲ್ಲಾಡಿದ್ದು ಕಂಡಿತ್ತು. ಅದರಲ್ಲಿ ನನ್ನ ಕಾಲುಗಳ ಹೆಸರು ಬಂದದ್ದು ಗೊತ್ತಾಗಿರಲಿಲ್ಲ.

ಕದ್ರಾದಲ್ಲಿ ಒಂಬತ್ತು ವರ್ಷ ಕಳೆದಿದ್ದೆ. ಇಲಾಖೆಯ ಹೆಸರು ಬೇಡ, ಇನ್ನೂ ಸಂಬಳ ಕೊಡುತ್ತಿದೆ. ನಮ್ಮ ಸ್ಟೋರು ಒಂದು ಗುಡ್ಡದ ಮೇಲಿತ್ತು. ಕೆಳಗಿನ ರಸ್ತೆಯಿಂದ ನೂರಿಪ್ಪತ್ತು ಮೆಟ್ಟಿಲು. ಸಾಮಾನು ಕೊಡುವಾಗ ಒಮ್ಮೆ, ಕೊಟ್ಟದ್ದು ತಪ್ಪಾಗಿದೆ ಎಂದು ಗೊತ್ತಾದಾಗ ಇನ್ನೊಮ್ಮೆ ಹತ್ತಬೇಕು. ಬೆಳಿಗ್ಗೆ ಕತ್ತಲಲ್ಲೇ ಕಾರವಾರದ ಮನೆಯಿಂದ ಬಸ್ಸು ಹಿಡಿದು ಹೋಗಿ, ಮನೆಗೆ ಬರುವಷ್ಟರಲ್ಲಿ ಟಿ.ವಿ.ಯ ಧಾರಾವಾಹಿಗಳು ಮುಗಿದಿರುತ್ತಿದ್ದವು. ಸುಮಿತ್ರಾ ದೇವರನ್ನು ನಂಬಿದಳು. ನಾನು ಅಷ್ಟು ಗಟ್ಟಿಮನಸ್ಸಿನವನಲ್ಲ, ಒಂದು ಡಾಕ್ಟರ್ ಸರ್ಟಿಫಿಕೇಟನ್ನೂ ನಂಬಿದೆ. ಕೂತು ಏಳುವಾಗ ನನ್ನ ಮೊಣಕಾಲು ಹಳೆಯ ಬಾಗಿಲಿನ ಹಾಗೆ ಸಣ್ಣಗೆ ಸದ್ದು ಮಾಡುತ್ತಿದ್ದದ್ದು ನಿಜ. ಪರಿಚಯದ ಡಾಕ್ಟರು ಆ ಸದ್ದನ್ನು ಸ್ವಲ್ಪ ಬೆಳೆಸಿ, ಮೊಣಕಾಲಿನ ಕೀಲು ಸವೆದಿದೆ, ಮೆಟ್ಟಿಲು ಹತ್ತಬಾರದು, ಒಂದೇ ಸಮನೆ ಅರ್ಧ ಕಿಲೋಮೀಟರಿಗಿಂತ ಹೆಚ್ಚು ನಡೆಯಬಾರದು ಎಂದು ಬರೆದುಕೊಟ್ಟರು. ಕಾಗದಕ್ಕೆ ತಕ್ಕ ನಡಿಗೆಯೂ ಬೇಕಲ್ಲ. ಅದನ್ನು ನಾನು ಕಾರವಾರ ಕಚೇರಿಯ ಪಾಂಡುರಂಗನಿಂದ ಕಲಿತೆ. ಅವನಿಗೆ ಬಹಳ ವರ್ಷದಿಂದ ಮೊಣಕಾಲು ನೋವು. ಮೆಟ್ಟಿಲು ಇಳಿಯುವಾಗ ಏಡಿಯಂತೆ ಅಡ್ಡಡ್ಡ ಇಳಿಯುತ್ತಾನೆ, ಒಂದು ಕೈ ಕಟಾಂಜನದ ಮೇಲೆ, ಕಣ್ಣು ಮುಂದಿನ ಮೆಟ್ಟಿಲ ಮೇಲೆ. ನಾನು ಮೀಟಿಂಗಿಗೆ ಬಂದಾಗಲೆಲ್ಲ ಅವನ ಹಿಂದೆಯೇ ಇಳಿದು ಅಭ್ಯಾಸ ಮಾಡಿದೆ. ಆ ಪುಣ್ಯಾತ್ಮ ನನ್ನ ಅವಸ್ಥೆ ನೋಡಿ ಮರುಗಿ ತಾನು ಹಚ್ಚುವ ಎಣ್ಣೆಯಲ್ಲಿ ಅರ್ಧ ಬಾಟಲಿ ಕೊಟ್ಟಿದ್ದ.

ಅಂತೂ ಆದೇಶ ಬಂತು. ನಾನು ಕಾರವಾರಕ್ಕೆ ಬಂದೆ, ನನ್ನ ಜಾಗಕ್ಕೆ ಪಾಂಡುರಂಗನನ್ನು ಕದ್ರಾಕ್ಕೆ ಹಾಕಿದರು. ಅವನ ಊರು ಆ ದಿಕ್ಕಿನಲ್ಲೇ ಎಲ್ಲೋ ಇದೆ, ಕೇಳಿಯೇ ಹೋಗಿರಬೇಕು ಎಂದು ನಾನು ತೀರ್ಮಾನಿಸಿದೆ. ಯಾರನ್ನೂ ಕೇಳಲು ಹೋಗಲಿಲ್ಲ. ಕೆಲವು ಸಂಗತಿಗಳನ್ನು ಕೇಳದೆ ಇರುವುದರಲ್ಲಿ ಎಷ್ಟು ನೆಮ್ಮದಿ ಇದೆ ಎಂಬುದು ಸರ್ಕಾರಿ ಕೆಲಸದಲ್ಲಿದ್ದವರಿಗೆ ಬೇಗ ಅರ್ಥವಾಗುತ್ತದೆ.

ಆಗ ಸುಮಿತ್ರಾ ಹರಕೆಯ ವಿಷಯ ಹೊರಗೆ ತೆಗೆದಳು. ಅರ್ಧ ಕಿಲೋಮೀಟರು ನಡೆಯಲಾರದವನೆಂದು ವರ್ಗ ಪಡೆದವನು, ಆ ವರ್ಗಕ್ಕಾಗಿ ಕಾರವಾರದಿಂದ ಗೋಕರ್ಣಕ್ಕೆ ಹೆದ್ದಾರಿಯ ಮೇಲೆ ಎರಡು ದಿನ ನಡೆಯುವುದು ಹೇಗೆ? ನೋಡಿದವರು ಒಂದು ಅರ್ಜಿ ಗೀಚಿದರೂ ಸಾಕು, ನೂರಿಪ್ಪತ್ತು ಮೆಟ್ಟಿಲು ನನಗಾಗಿ ಅಲ್ಲೇ ಕಾಯುತ್ತಿವೆ. ನಾನು ನಾನಾ ದಾರಿ ತೋರಿಸಿದೆ. ಕಾರಿನಲ್ಲಿ ಹೋಗಿ ಕೊನೆಯ ಅರ್ಧ ಕಿಲೋಮೀಟರು ನಡೆಯುತ್ತೇನೆ ಎಂದೆ, ಅಷ್ಟಕ್ಕೆ ಡಾಕ್ಟರರ ಅನುಮತಿಯೂ ಇದೆ. ಅಷ್ಟೇ ದೂರವನ್ನು ಮನೆಯ ಟೆರೇಸಿನ ಮೇಲೆ ಕಂತಿನಲ್ಲಿ ಮುಗಿಸುತ್ತೇನೆ ಎಂದೆ. ಅವಳು ಒಪ್ಪಲಿಲ್ಲ. ದೇವರಿಗೆ ಕೊಟ್ಟ ಮಾತು ತಪ್ಪಿದರೆ ಆದೇಶ ರದ್ದಾಗುತ್ತದೆ ಎಂಬುದು ಅವಳ ಭಯ, ಮಾತು ನಡೆಸಿದರೆ ಆದೇಶ ರದ್ದಾಗುತ್ತದೆ ಎಂಬುದು ನನ್ನ ಭಯ. ಅವಳಿಗೆ ದೇವರ ಮೇಲಿದ್ದಷ್ಟು ನಂಬಿಕೆ ನನ್ನ ಮೇಲೆ ಇರಲಿಲ್ಲವಾದ್ದರಿಂದ ಹಿಲ್ಲೂರಿನಿಂದ ತನ್ನ ಅಣ್ಣ ಗಣಪತಿಯನ್ನು ಸಾಕ್ಷಿಯಾಗಿ ಕರೆಸಿದಳು.

ಗಣಪತಿ ಭಾವನಿಗೆ ಅರವತ್ತು ದಾಟಿದೆ. ಕಾಡಿನ ನಡುವೆ ಗದ್ದೆ, ಮನೆಯಿಂದ ಅಂಗಡಿಗೆ ಹೋಗಬೇಕಾದರೂ ಒಂದು ಗುಡ್ಡ ಹತ್ತಿಳಿಯುವವರು. ಅವರ ನಡಿಗೆಯ ಬಗ್ಗೆ ನನಗೆ ಹೆದರಿಕೆ ಇರಲಿಲ್ಲ. ಹೆದರಿಕೆ ಇದ್ದದ್ದು ಅವರ ಬಾಯಿಯ ಬಗ್ಗೆ. ಭಾವ ಸುಳ್ಳು ಹೇಳಿದ್ದನ್ನು ಯಾರೂ ಕೇಳಿಲ್ಲ. ತಮ್ಮ ವಧುಪರೀಕ್ಷೆಯ ದಿನ, ಹುಡುಗಿಯ ತಂದೆ ಮುಜುಗರದಿಂದ ಅವಲಕ್ಕಿ ಹೇಗಿದೆ ಎಂದು ಕೇಳಿದಾಗ ಉಪ್ಪು ಹೆಚ್ಚಾಗಿದೆ ಎಂದು ಹೇಳಿಯೂ ಮದುವೆಯಾಗಿ ಬಂದವರು.

ಎರಡನೇ ಶನಿವಾರ ನಸುಕಿನಲ್ಲಿ ಹೊರಟೆವು. ತಲೆಗೆ ಟೊಪ್ಪಿಗೆ, ಮುಖಕ್ಕೆ ಮಾಸ್ಕು, ಕುತ್ತಿಗೆಗೆ ಟವೆಲ್ಲು ಹಾಕಿಕೊಂಡಿದ್ದೆ. ದೇವರು ಗುರುತು ಹಿಡಿಯುತ್ತಾನೋ ಇಲ್ಲವೋ ಎಂದು ನನಗೇ ಅನುಮಾನವಾಯಿತು. ನನ್ನ ಲೆಕ್ಕಾಚಾರ ಸರಳವಾಗಿತ್ತು. ನಮ್ಮ ಸಾಹೇಬರ ಅತ್ತೆಮನೆ ಅಂಕೋಲೆಯಲ್ಲಿ. ರಜೆಯ ಶನಿವಾರ ಹನ್ನೊಂದರ ಹೊತ್ತಿಗೆ ಅವರ ಕಾರು ಕಾರವಾರದಿಂದ ಹೊರಟು ಅತ್ತೆಮನೆಯ ಊಟಕ್ಕೆ ಹೋಗುತ್ತದೆ. ಅಷ್ಟರೊಳಗೆ ಅವರ್ಸಾ ಮುಟ್ಟಿ, ಹೆದ್ದಾರಿಯಿಂದ ಒಳಗಿರುವ ಭಾವನ ನೆಂಟರ ಮನೆಯಲ್ಲಿ ಮಧ್ಯಾಹ್ನದವರೆಗೆ ಅಡಗಿದ್ದರೆ ಗೆದ್ದಂತೆ.

ಮೊದಲು ಕೈಕೊಟ್ಟದ್ದು ಬೂಟು. ಪಾದಯಾತ್ರೆಗೆಂದೇ ಮಗಳು ಆನ್‌ಲೈನಿನಲ್ಲಿ ತರಿಸಿದ್ದು. ಡಬ್ಬಿಯ ಮೇಲೆ ಪರ್ವತಾರೋಹಿಯ ಚಿತ್ರವಿತ್ತು. ಬಿಣಗಾದ ಏರು ಮುಗಿಯುವುದರೊಳಗೆ ಎರಡೂ ಹಿಮ್ಮಡಿ ಸುಲಿದು, ಇಳಿಜಾರಿನಲ್ಲಿ ಬೂಟು ಕೈಗೆ ಬಂತು. ಭಾವ ತಮ್ಮ ಸವೆದ ಹವಾಯಿ ಚಪ್ಪಲಿಯಲ್ಲಿ ಮುಂದೆ ಮುಂದೆ ಹೋಗಿ, ನಾನು ಬರುವವರೆಗೆ ಮೈಲಿಗಲ್ಲಿನ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದರು.

ಆಮೇಲೆ ಶುರುವಾದದ್ದು ಜನರ ಪ್ರೀತಿ. ನಮ್ಮ ಕಡೆ ಒಬ್ಬ ಮನುಷ್ಯ ರಸ್ತೆಯ ಬದಿ ಸುಮ್ಮನೆ ನಡೆಯುತ್ತಿದ್ದರೆ ಅವನಿಗೆ ಏನೋ ಆಪತ್ತು ಬಂದಿದೆ ಎಂದೇ ಅರ್ಥ. ಬೈಕು ನಿಂತಿತು, ಟೆಂಪೋ ನಿಂತಿತು. ಮೀನಿನ ಬುಟ್ಟಿಗಳ ರಿಕ್ಷಾ ನಿಂತು, ಒಳಗಿದ್ದ ಹೆಂಗಸು ಬುಟ್ಟಿ ಸರಿಸಿ ಜಾಗ ಮಾಡಿ ಕೊಂಕಣಿಯಲ್ಲಿ ಹತ್ತಿ ಎಂದಳು. ಮಾಸ್ಕು ಟೊಪ್ಪಿಗೆ ಯಾವುದೂ ಉಪಯೋಗಕ್ಕೆ ಬರಲಿಲ್ಲ, ಎಲ್ಲರೂ ನನ್ನನ್ನು ಬೆನ್ನಿನಿಂದಲೇ ಗುರುತು ಹಿಡಿದು ಹೆಸರು ಹಿಡಿದು ಕರೆದರು. ಬೇಡ ಎಂದರೆ ಸಾಲದು, ಯಾಕೆ ಬೇಡ ಎಂದು ಹೇಳಬೇಕು. ಹರಕೆ ಎಂದರೆ ಯಾವುದಕ್ಕೆ ಎಂದು ಹೇಳಬೇಕು. ನಾನು ಊರಿನ ಸುಖಶಾಂತಿಗೆ ಎನ್ನುತ್ತಿದ್ದೆ. ಭಾವ ಹಿಂದಿನಿಂದ, ಅಲ್ಲ, ಇವರ ವರ್ಗಕ್ಕೆ ಎಂದು ತಿದ್ದುತ್ತಿದ್ದರು.

ಅದಕ್ಕಿಂತ ದೊಡ್ಡ ಕಷ್ಟ ಚಹಾ. ತೋಡೂರು, ಅಮದಳ್ಳಿ, ಹಾರವಾಡ, ಎಲ್ಲ ಕಡೆ ಭಾವನಿಗೆ ಒಂದಲ್ಲ ಒಂದು ಸಂಬಂಧದ ಮನೆ. ಬಾಗಿಲ ಮುಂದೆ ನಡೆದುಹೋಗಿ ಒಳಗೆ ಬರಲಿಲ್ಲ ಎಂದರೆ ಮುಂದಿನ ಮೂರು ಮದುವೆಗಳ ತನಕ ಮಾತು ಬರುತ್ತದೆ. ಹೀಗೆ ಕೂತು, ಕುಡಿದು, ಯಾರ ಮಗಳಿಗೆ ಎಲ್ಲಿ ಗಂಡು ನೋಡುತ್ತಿದ್ದಾರೆ ಎಂಬುದನ್ನೆಲ್ಲ ಕೇಳಿ ಹೊರಡುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಪ್ರತಿ ಮನೆಯಿಂದಲೂ ಸುಮಿತ್ರಾಳಿಗೆ ಫೋನು ಹೋಗುತ್ತಿತ್ತು. ಅವಳು ನನ್ನ ಜೊತೆ ಮಾತಾಡುತ್ತಿರಲಿಲ್ಲ, ಅಣ್ಣನನ್ನು ಕೇಳುತ್ತಿದ್ದಳು, ಎಲ್ಲಾದರೂ ಗಾಡಿ ಹತ್ತಿದರೋ ಎಂದು. ಗಡಿಯಾರ ನೋಡಿದೆ. ಹನ್ನೊಂದೂವರೆ. ಅವರ್ಸಾ ಇನ್ನೂ ಮುಂದಿತ್ತು.

ಕಾರು ನಮ್ಮನ್ನು ದಾಟಿ ಹೋಯಿತು, ನಿಂತಿತು, ಹಿಂದಕ್ಕೆ ಬಂತು. ಗಾಜು ಇಳಿಯಿತು. ಸಾಹೇಬರು. ನಾನು ತಕ್ಷಣ ಕುಂಟಲು ತೊಡಗಿದೆ. ಆದರೆ ಸರ್ಟಿಫಿಕೇಟಿನಲ್ಲಿದ್ದದ್ದು ಎಡಗಾಲೋ ಬಲಗಾಲೋ ಎಂಬುದು ಆ ಗಳಿಗೆಯಲ್ಲಿ ಮರೆತುಹೋಯಿತು. ಎರಡಕ್ಕೂ ಸಮನಾಗಿ ಹಂಚಿ ಕುಂಟಿದೆ. ಕೈಯಲ್ಲಿ ಬೂಟು ತೂಗಾಡುತ್ತಿತ್ತು.

ಮೊಣಕಾಲಿಗೆ ಇಷ್ಟೊಂದು ತೊಂದರೆ ಇಟ್ಟುಕೊಂಡು ಇಲ್ಲೇನು ಮಾಡುತ್ತಿದ್ದೀರಿ ಎಂದು ಅವರು ಕೇಳಿದರು. ನಾನು ಹತ್ತಿರದಲ್ಲೇ ಒಬ್ಬ ನಾಟಿ ವೈದ್ಯರಿದ್ದಾರೆ ಎಂದು ಶುರು ಮಾಡಿದ್ದೆ, ಭಾವ ಮುಂದೆ ಬಂದು ಕೈಮುಗಿದರು.

“ಕಾಲು ಚಲೋ ಅದೆ ಸಾಹೇಬ್ರೆ, ಬೂಟು ಕಚ್ಚಿದ್ದು ಅಷ್ಟೇ. ಕಾರ್ವಾರಕ್ಕೆ ವರ್ಗ ಆಯ್ತಲ್ಲ, ನಮ್ಮ ತಂಗಿ ಹರಕೆ ಹೊತ್ತಿತ್ತು. ಗೋಕರ್ಣಕ್ಕೆ ನಡ್ಕಂಡೇ ಹೊಂಟದ್ದು.”

ನಾನು ರಸ್ತೆ ನೋಡುತ್ತಾ ನಿಂತೆ. ನೂರಿಪ್ಪತ್ತು ಮೆಟ್ಟಿಲೂ ಕಣ್ಣ ಮುಂದೆ ಬಂದವು. ಆದರೆ ಕಾರಿನೊಳಗಿನಿಂದ ನಗು ಕೇಳಿಸಿತು. ಸಾಹೇಬರು ಮನಸಾರೆ ನಗುತ್ತಿದ್ದರು.

“ಗಾಬರಿ ಯಾಕ್ರೀ? ಇಂಥ ಸರ್ಟಿಫಿಕೇಟು ನಾನೆಷ್ಟು ನೋಡಿಲ್ಲ. ಆ ಪಾಂಡುರಂಗನೂ ಒಂದು ತಂದಿದ್ದ, ಮೊಣಕಾಲು ನೋವು, ಕದ್ರಾಕ್ಕೆ ಹಾಕಬೇಡಿ ಅಂತ. ಒಂದೇ ಜಾಗಕ್ಕೆ ಎರಡು ಮೊಣಕಾಲು ಬಂದ್ರೆ ನಾನೇನು ಮಾಡ್ಲಿ? ನಿಮ್ಮದು ಮೊದಲು ಬಂದಿತ್ತು. ಅವನದೂ ನಿಮ್ಮ ಹಾಗೇ ಇರ್ಬೇಕು ಅಂತ ಸಹಿ ಹಾಕಿಬಿಟ್ಟೆ.”

ಅಲ್ಲ ಸರ್, ಅವನದು ನಿಜ, ನಾನು ಕುಂಟುವುದನ್ನು ಕಲಿತದ್ದೇ ಅವನಿಂದ ಎನ್ನಬೇಕಿತ್ತು. ಮಾತು ನಾಲಗೆಯ ತುದಿಗೆ ಬಂದಿತ್ತು. ಹೇಳಿದರೆ ಪಾಂಡುರಂಗ ಕೆಳಗಿಳಿಯುತ್ತಾನೆ, ಯಾರಾದರೊಬ್ಬರು ಮೇಲೆ ಹತ್ತಬೇಕಾಗುತ್ತದೆ, ಆ ಯಾರಾದರೊಬ್ಬರು ಬೂಟು ಹಿಡಿದುಕೊಂಡು ಇಲ್ಲೇ ನಿಂತಿದ್ದಾರೆ. ನನ್ನ ಬಾಯಿಂದ ಬಂದದ್ದು “ಹೌದು ಸರ್” ಎಂಬ ಎರಡು ಶಬ್ದ. ಸಾಹೇಬರು ಅಂಕೋಲೆಯವರೆಗೆ ಬಿಡುತ್ತೇನೆ, ಹತ್ತಿ ಎಂದರು. ನಾನು ಎದೆಯುಬ್ಬಿಸಿ, ಇಲ್ಲ ಸರ್, ದೇವರಿಗೆ ಕೊಟ್ಟ ಮಾತು, ತಪ್ಪುವಂತಿಲ್ಲ ಎಂದೆ. ಅವರು ಮೆಚ್ಚುಗೆಯಿಂದ ತಲೆಯಾಡಿಸಿ ಹೋದರು.

ಅವರ್ಸಾ ಬರುವವರೆಗೆ ಭಾವ ನನಗಿಂತ ಮುಂದೆಯೇ ನಡೆದರು. ಮರದ ನೆರಳಲ್ಲಿ ನಿಂತು, ಆ ಪಾಂಡುರಂಗ ಎನ್ನುವವರ ಕಾಲು ಖರೇ ನೋವೋ ಎಂದು ಕೇಳಿದರು. ನಾನು ಇರಬಹುದು ಎಂದೆ. ಅವರು ಇನ್ನೇನೂ ಕೇಳಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅಷ್ಟರಲ್ಲಿ ಸುಮಿತ್ರಾಳ ಫೋನು ಬಂತು. ಕಾರು ಬಂದಿತ್ತು, ಕರೆದರೂ ಹತ್ತಲಿಲ್ಲ ಎಂದು ಭಾವ ನಿಜವನ್ನೇ ಹೇಳಿದರು. ಹೆಂಡತಿ ಆ ದಿನ ಮೊದಲ ಬಾರಿ ಫೋನನ್ನು ನನಗೆ ಕೊಡಿಸಿ, ನಿಮ್ಮ ಮೇಲೆ ಸುಮ್ಮನೆ ಸಂಶಯಪಟ್ಟೆ ಎಂದಳು. ಅವಳ ದನಿ ಒದ್ದೆಯಾಗಿತ್ತು. ನನಗೆ ನಾಚಿಕೆಯಾಯಿತು. ಹಾಗೆಂದು ನಾಚಿಕೆಯೇನೂ ನನ್ನನ್ನು ಕಾರವಾರಕ್ಕೆ ವಾಪಸು ನಡೆಸಲಿಲ್ಲ.

ಆ ದಿನ ಅಂಕೋಲೆಯಲ್ಲಿ ಉಳಿದು, ಮರುದಿನ ಗೋಕರ್ಣ ಮುಟ್ಟಿದೆವು. ಒಂದು ಹೆಜ್ಜೆಯೂ ವಾಹನದಲ್ಲಿ ಹೋಗಲಿಲ್ಲ. ಬಸ್ಸಿನಲ್ಲಿ ಬಂದಿದ್ದ ಸುಮಿತ್ರಾ ದೇವರ ಮುಂದೆ ನನ್ನನ್ನು ನಿಲ್ಲಿಸಿ, ಸಾಮಾನು ತಲುಪಿಸಿ ರಸೀದಿ ಪಡೆಯುವವಳಂತೆ ಕೈಮುಗಿದಳು. ಪಾಂಡುರಂಗನ ಹೆಸರು ಅಲ್ಲಿ ಹೇಳಿಕೊಳ್ಳೋಣ ಎಂದುಕೊಂಡಿದ್ದೆ. ಹೇಳಿದರೆ ದೇವರು ಆದೇಶವನ್ನು ಮರುಪರಿಶೀಲನೆಗೆ ತೆಗೆದುಕೊಂಡಾನು ಎನಿಸಿ ಎಲ್ಲರಿಗೂ ಒಳ್ಳೆಯದಾಗಲಿ ಎಂದು ಒಟ್ಟಾರೆಯಾಗಿ ಹೇಳಿ ಬಂದೆ.

ಸಾಹೇಬರು ಸೋಮವಾರ ಈ ಕತೆಯನ್ನು ಕಚೇರಿಯಲ್ಲಿ ಹೇಳಿ ನಗಿಸಿದರು. ಕಾರವಾರದಲ್ಲಿ ನಗೆಚಾಟಿಕೆಯಾಗಿದ್ದದ್ದು ಬಾಯಿಂದ ಬಾಯಿಗೆ ಕದ್ರಾ ಮುಟ್ಟುವಾಗ ಪವಾಡವಾಗಿತ್ತು. ನಾನು ಮನಸ್ಸಿನ ಸಮಾಧಾನಕ್ಕೆಂದು ಇಲಾಖೆಯ ಜೀಪಿನಲ್ಲಿ ಪಾಂಡುರಂಗನಿಗೆ ಪ್ರಸಾದ ಕಳಿಸಿದ್ದೆ. ಅದು ಸಿಕ್ಕ ದಿನವೇ ಅವನ ಫೋನು ಬಂತು. ಏದುಸಿರು ಬಿಡುತ್ತಿದ್ದ. ಈಗಷ್ಟೇ ಸ್ಟೋರಿಗೆ ಹತ್ತಿ ಬಂದೆ, ಸ್ವಲ್ಪ ಕೂತು ಮಾತಾಡುತ್ತೇನೆ ಎಂದ. ಪ್ರಸಾದ ನೆನಪಿಟ್ಟು ಕಳಿಸಿದ್ದಕ್ಕೆ ಎರಡೆರಡು ಸಲ ಉಪಕಾರ ಹೇಳಿದ. ಆಮೇಲೆ ದನಿ ತಗ್ಗಿಸಿ, ನಿಮಗೂ ನನ್ನ ಹಾಗೇ ಇತ್ತಲ್ಲ, ಗೋಕರ್ಣಕ್ಕೆ ನಡೆದದ್ದರಿಂದ ಪೂರ್ತಿ ಗುಣವಾಯಿತಂತೆ, ನಾನೂ ಬರುವ ತಿಂಗಳು ಕದ್ರಾದಿಂದ ನಡೆಯಬೇಕೆಂದು ಮಾಡಿದ್ದೇನೆ ಎಂದ.

ಕಚೇರಿಯಿಂದ ಹೊರಗೆ ಬಂದು, ಜೀವನದಲ್ಲಿ ಅಷ್ಟು ಧೈರ್ಯ ಯಾವತ್ತೂ ಮಾಡಿರಲಿಲ್ಲ, ಹೇಳಿಯೇಬಿಟ್ಟೆ.

“ಪಾಂಡುರಂಗ, ನಡೆಯಬೇಡ. ನನಗೆ ಮೊಣಕಾಲು ನೋವೇ ಇರಲಿಲ್ಲ.”

ಆ ಕಡೆಯಿಂದ ಅವನು ಗಟ್ಟಿಯಾಗಿ ದೇವರ ಹೆಸರು ಹೇಳಿದ.

“ನೋಡಿ, ಇದು ಅವನ ಮಹಿಮೆ. ನೋವು ಇತ್ತು ಅನ್ನೂದೇ ನಿಮ್ಗೆ ಮರ್ತು ಹೋಗ್ಯದೆ. ಇನ್ನು ನಾನು ತಡ ಮಾಡೂದಿಲ್ಲ.”

ನಾನು ಎರಡನೇ ಸಲ ಹೇಳಲಿಲ್ಲ.