ಕರಡಿ ನೋಡಲು ಹೊಲಿದ ಅಂಗಿ

ಕಾಡಿನಲ್ಲಿ ಅಡಗಿ ಕೂರಲೆಂದು ಅಂಗಿ ಹೊಲಿದ ದಿನದಿಂದ ನನ್ನ ಬಾಳಿನಲ್ಲಿ ನೆಟ್ಟಗೆ ನಡೆದದ್ದು ಒಂದೂ ಇಲ್ಲ. ನೆನೆದರೆ ನಗು ಬರುತ್ತದೆ, ನಗುತ್ತಿರುವಾಗಲೇ ಬೆನ್ನು ತಣ್ಣಗಾಗುತ್ತದೆ. ನಾನು ತಮಿಳುನಾಡಿನ ಸೇಲಂನಲ್ಲಿ ಕೈಮಗ್ಗದಲ್ಲಿ ನೇಯುವವನು, ಮನೆಮಾತು ಕನ್ನಡ. ಹೆಂಡತಿಯ ತವರು ಪೆನ್ನಾಗರಂ ಕಾಡಿನ ಅಂಚಿನಲ್ಲಿ. ತೊಂಬತ್ತರ ದಶಕದಲ್ಲಿ ನನಗಿದ್ದದ್ದು ಒಂದೇ ಹುಚ್ಚು: ಸಾಯುವುದರೊಳಗೆ ಒಮ್ಮೆ ಕಾಡಿನ ಕರಡಿಯನ್ನು ಕಣ್ಣಾರೆ ನೋಡಬೇಕು.

೧. ಮಗ್ಗದ ಪಕ್ಕ ನಿಂತವನು

ಎರಡು ಗೋಣಿಚೀಲ ಬಿಚ್ಚಿ, ಬಣ್ಣದ ಹಂಡೆಯಲ್ಲಿ ಅದ್ದಿ ಅಂಗಿ ಹೊಲಿದು, ಮಗ್ಗದಲ್ಲಿ ಮಿಕ್ಕ ಕಪ್ಪು, ಹಸಿರು ನೂಲಿನ ತುಂಡುಗಳನ್ನು ಅದರ ಮೈತುಂಬ ಗಂಟು ಹಾಕಿದೆ. ಮುಖಕ್ಕೆ ಮುಸುಕು, ಅದರಲ್ಲಿ ಎರಡು ತೂತು, ನೇರ ಮುಂದಿರುವುದಷ್ಟೇ ಕಾಣುವಂತೆ. ಒಣಗಲೆಂದು ಮಗ್ಗದ ಪಕ್ಕದ ಗೂಟಕ್ಕೆ ತೂಗುಹಾಕಿದೆ. ಬೆಳಿಗ್ಗೆ ಹಾಲು ತಂದು ಒಳಗೆ ಬಂದರೆ, ಹೆಂಡತಿ ಕಾಫಿ ಲೋಟ ಹಿಡಿದು ಅದರ ಮುಂದೆ ನಿಂತು ಮಾತಾಡುತ್ತಿದ್ದಾಳೆ. ನನ್ನನ್ನು ಕಂಡು ಲೋಟ ಕೈಬಿಟ್ಟಳು.

"ಅಯ್ಯೋ, ಅಂಗಾದ್ರೆ ಇದ್ಯಾರು? ಆಗ್ಲಿಂದ ಮನೆ ಕಷ್ಟ ಎಲ್ಲಾ ಏಳ್ತಾ ಇದೀನಿ!"

"ಗೋಣಿ ಕಣೇ. ನಾನಲ್ಲಾಂತ ಗೊತ್ತಾಗ್ಲಿಲ್ವಾ?"

"ಎಂಗ್ ಗೊತ್ತಾಗ್ತೈತೆ? ನೀವೂ ಇಂಗೇ ಸುಮ್ಕೆ ನಿಂತಿರ್ತೀರಲ್ಲ!"

೨. ಚೆಕ್‌ಪೋಸ್ಟ್

ಕಾಡಿನಲ್ಲಿ ಅವಿತವರನ್ನು ಪೊಲೀಸರು ಹುಡುಕುತ್ತಿದ್ದ ಕಾಲ. ಪೆನ್ನಾಗರಂ ದಾರಿಯಲ್ಲಿ ಬಸ್ಸು ನಿಲ್ಲಿಸಿ, ನನ್ನ ಚೀಲ ಬಿಚ್ಚಿಸಿದ ಪೊಲೀಸಿನವರು "ಎನ್ನ ಇದು?" ಇದೇನು ಎಂದರು.

"ಕರಡಿ ಪಾಕ್ಕ ಸಾರ್," ಕರಡಿ ನೋಡಲಿಕ್ಕೆ ಎಂದೆ.

ಹಾಕಿ ತೋರಿಸು ಎಂದರು. ಹಾಕಿಕೊಂಡೆ. ಬಸ್ಸಿನಲ್ಲಿ ಅಳುತ್ತಿದ್ದ ಕೂಸು ಥಟ್ಟನೆ ಸುಮ್ಮನಾಯಿತು. ಪೊಲೀಸಿನವರು ಎರಡು ಹೆಜ್ಜೆ ಹಿಂದೆ ಸರಿದು, ನೀನು ಕರಡಿಯನ್ನು ಹುಡುಕಿಕೊಂಡು ಹೋಗಬೇಡಪ್ಪ, ಅದೇ ನಿನ್ನ ನೋಡಲು ಬರುತ್ತದೆ ಎಂದು ತಮಿಳಿನಲ್ಲಿ ಹೇಳಿ ಬಸ್ಸು ಬಿಟ್ಟರು.

೩. ಹುತ್ತದ ಎದುರು

ಗೆದ್ದಲು ತಿನ್ನಲು ಕರಡಿ ಬರುತ್ತದೆಂದು ಅತ್ತೆ ಹೇಳಿದ್ದ ಹುತ್ತದ ಎದುರು ಮಧ್ಯಾಹ್ನವೇ ಹೋಗಿ, ಅಂಗಿ ಮುಸುಕು ತೊಟ್ಟು ಕೂತೆ. ಹಕ್ಕಿಗಳ ಸದ್ದೂ ನಿಂತುಹೋಯಿತು. ಮುಸುಕಿನೊಳಗೆ ನನ್ನ ಉಸಿರೇ ಹುಸ್ ಹುಸ್ ಎಂದು ಜೋರಾಗಿ ಕೇಳುತ್ತಿತ್ತು. ಭಯವಾಗಿ ಉಸಿರು ಬಿಗಿಹಿಡಿದೆ. ಹುಸ್ ಹುಸ್ ನಿಲ್ಲಲಿಲ್ಲ. ಗಾಳಿಯಿರಬೇಕು ಎಂದುಕೊಂಡೆ, ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

ಅಷ್ಟರಲ್ಲಿ ಸೌದೆ ಹೊತ್ತುಕೊಂಡು ಅತ್ತೆ ಬಂದರು. ದೂರದಲ್ಲೇ ನಿಂತು ಹೊರೆ ಇಳಿಸಿ, "ಅಪ್ಪಾ ಮುನಿಯಪ್ಪಾ, ನನ್ ಮಗ್ಳ ತಾಳಿ ಕಾಪಾಡಪ್ಪಾ!" ಎಂದು ಕೈ ಮುಗಿದರು. ಊರು ಕಾಯುವ ಮುನಿಯಪ್ಪ ದೇವರೆಂದೇ ನನ್ನನ್ನು ತಿಳಿದರಲ್ಲ ಎಂದು ಹಿಗ್ಗಿದೆ. ನನ್ನ ಹೊಲಿಗೆಗೆ ಇದಕ್ಕಿಂತ ಮರ್ಯಾದೆ ಬೇಕೆ? ತಡೆಯಲಾರದೆ ಬಲಗೈ ಎತ್ತಿ ಆಶೀರ್ವಾದ ಮಾಡಿದೆ. ಅತ್ತೆ ಸೌದೆ ಬಿಟ್ಟು ಓಡಿದರು.

ಸ್ವಲ್ಪ ಹೊತ್ತಿಗೆ ಆ ಹುಸ್ ಹುಸ್ ಕೂಡ ನಿಂತಿತು. ಕರಡಿ ಕಾಣಲಿಲ್ಲವೆಂಬ ಬೇಸರದಲ್ಲಿ, ಹೊತ್ತು ಮುಳುಗುವ ಮೊದಲೇ ಮನೆಗೆ ಬಂದೆ. ಮುದ್ದೆ ಬಡಿಸುವಾಗಲೂ ಅತ್ತೆ ಬಾಗಿಲ ಕಡೆಗೇ ನೋಡುತ್ತಿದ್ದರು. ಪಾಪ ಎನ್ನಿಸಿತು.

"ಅತ್ತೇ, ಅದು ದೇವ್ರಲ್ಲ, ನಾನೇ."

"ನಿಮ್ ಚಪ್ಪಲಿ ನಂಗೊತ್ತಿಲ್ವಾ ಅಳಿಯಂದ್ರೇ? ನಿಮ್ ಪಕ್ಕದಾಗೇ ಕರಡಿ ಕುಂತಿತ್ತಲ್ಲ, ಅದುಕ್ಕೇ ದ್ಯಾವ್ರನ್ನ ಕರ್ದೆ."

ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟೆ. "ಮತ್ತೆ... ನನ್ನ ಬಿಟ್ಟು ಯಾಕ್ ಓಡಿದ್ರಿ?"

"ಅಲ್ಲೀಗಂಟ ಧೈರ್ಯವಾಗೇ ನಿಂತಿದ್ದೆ. ನೀವು ಆಶೀರ್ವಾದ ಮಾಡೋಕೆ ಕೈ ಎತ್ತಿದ್ರಿ ನೋಡಿ, ಅದೂ ಎತ್ತಿತು."